ಐದು ತೋರುಬೆರಳು

ನಮ್ಮ ಸೀಮೆಯಲ್ಲಿ ದಾರಿ ಕೇಳಿದವರಿಗೆ ಗೊತ್ತಿಲ್ಲ ಅನ್ನುವಂತಿಲ್ಲ. ಉಪ್ಪಿಲ್ಲ ಅನ್ನಬಹುದು, ಅಕ್ಕಿ ಮುಗಿದಿದೆ ಅನ್ನಬಹುದು, ಮನೆಯಲ್ಲಿ ಯಾರೂ ಇಲ್ಲ ಅಂತ ಒಳಗಿನಿಂದಲೇ ಕೂಗಬಹುದು. ಗೊತ್ತಿಲ್ಲ ಅನ್ನುವಂತಿಲ್ಲ. ಹಿಂದೆ ಒಂದು ಕಾಲದಲ್ಲಿ ದೇವರು ದಾರಿಹೋಕನ ವೇಷದಲ್ಲಿ ಬಂದು ದಾರಿ ಕೇಳಿದನಂತೆ. ಯಾರೋ ಒಬ್ಬ ಗೊತ್ತಿಲ್ಲ ಅಂದನಂತೆ. ದೇವರು ಮುನಿಸಿಕೊಂಡು ಹೊರಟೇ ಹೋದನಂತೆ. ಅವತ್ತಿನಿಂದ ಆ ಮಾತು ಮೈಲಿಗೆ, ಅವನು ಹೋದ ದಿಕ್ಕೂ ಮೈಲಿಗೆ, ಅತ್ತ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ.

ಆ ದಿಕ್ಕಿಗೆ ಬೆನ್ನು ಮಾಡಿ ಪ್ರತಿ ಊರಿನ ಬಾಗಿಲಲ್ಲೂ ಒಂದು ಕೈಕಲ್ಲು ನೆಟ್ಟಿದ್ದಾರೆ. ಆಳೆತ್ತರದ ಕಲ್ಲು, ಅದರ ನೆತ್ತಿಯಲ್ಲಿ ಕೆತ್ತಿದ ಒಂದು ಕೈ, ಕೈಯಲ್ಲಿ ಚಾಚಿದ ಒಂದು ಬೆರಳು. ಕಲ್ಲಿಗೆ ಒರಗಿ ಕೂರುವವನು ತೋರುಗಾರ. ಬೆಳಗಾದರೆ ಊರ ಹೆಂಗಸರು ಅವನ ತೋರುಬೆರಳನ್ನು ಅರಿಶಿನದ ನೀರಲ್ಲಿ ತೊಳೆದು, ಕುಂಕುಮ ಇಟ್ಟು, ಬೆಳ್ಳಿಯ ಉಂಗುರ ತೊಡಿಸುತ್ತಾರೆ. ದಾರಿ ಕೇಳಲು ಬಂದವರು ಮೊದಲು ಕೇಳಬೇಕು, ಆಮೇಲೆ ಚೊಂಬಿನಿಂದ ಆ ಬೆರಳಿಗೆ ನೀರು ಹೊಯ್ಯಬೇಕು. ಬೆರಳು ಏಳುತ್ತದೆ. ಸುತ್ತ ನಿಂತವರು ಶುಭವಾಗಲಿ ಅನ್ನುತ್ತಾರೆ. ತೋರುಗಾರನಿಗೆ ದಾರಿ ಗೊತ್ತಿದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಕಲ್ಲಿನ ಬುಡದಲ್ಲಿ ಒಂದು ಕರಿ ಬಟ್ಟೆಯ ಚೂರು ಸದಾ ಇರುತ್ತದೆ. ಗೊತ್ತಿಲ್ಲ ಅಂದವರ ಬೆರಳಿಗೆ ಅದನ್ನು ಕಟ್ಟುತ್ತಾರೆ, ಅಂಥವರ ಕೈಯಿಂದ ಮುಂದೆ ಯಾರೂ ನೀರು ಕುಡಿಯುವುದಿಲ್ಲ.

ನನ್ನ ಗಂಡ ನಮ್ಮೂರಿನ ತೋರುಗಾರ. ಅವನ ಅಪ್ಪನೂ ತೋರುಗಾರನೇ. ಹುಟ್ಟಿದಾರಭ್ಯ ಊರು ಬಿಟ್ಟು ಒಂದು ಮೈಲಿ ಆಚೆ ಹೋದವನಲ್ಲ, ಆದರೂ ಜಗತ್ತಿಗೆಲ್ಲ ದಾರಿ ತೋರಿಸುತ್ತಾನೆ. ಆ ಬೆರಳು ಸವೆಯಬಾರದು ಅಂತ ಅವನು ಮುದ್ದೆ ಮುರಿಯುವುದೂ ಮಿಕ್ಕ ಬೆರಳುಗಳಲ್ಲೇ. ಹತ್ತು ವರ್ಷ ಆ ಬೆರಳಿಗೆ ನಾನೇ ಎಣ್ಣೆ ನೀವಿದ್ದೇನೆ. ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮಗೆ ಒಬ್ಬಳು ಮಗಳಿದ್ದಳು. ದೇವೀರಿ. ನಮ್ಮ ಕಡೆ ಮಕ್ಕಳಿಗೆ ಕೆಂಡಜ್ವರ ಅಂತ ಒಂದು ಬರುತ್ತದೆ. ಮೂರನೆಯ ದಿನದ ಸೂರ್ಯ ಮುಳುಗುವುದರೊಳಗೆ ಮದ್ದಿನ ಮನೆಯ ಕಷಾಯ ಕುಡಿಸಿದರೆ ಮಗು ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಮದ್ದಿನ ಮನೆ ಇದೆ ಅಂತ ಎಲ್ಲರೂ ಹೇಳುತ್ತಾರೆ. ನೋಡಿದ್ದೇನೆ ಅಂದವರನ್ನು ನಾನು ಕಂಡಿಲ್ಲ. ದೇವೀರಿಗೆ ಜ್ವರ ಬಂದ ಬೆಳಿಗ್ಗೆ ಅವಳನ್ನು ನನ್ನ ನೀಲಿ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಮೊಪೆಡ್ ಹತ್ತಿದೆ. ತೋರುಗಾರ ಹಗಲಲ್ಲಿ ಕಲ್ಲು ಬಿಟ್ಟು ಏಳುವಂತಿಲ್ಲ, ಹಾಗಾಗಿ ಗಂಡ ಜೊತೆಗೆ ಬರಲಿಲ್ಲ. ಊರ ಬಾಗಿಲಲ್ಲಿ ಎಲ್ಲರ ಹಾಗೆ ನಾನೂ ಅವನನ್ನು ದಾರಿ ಕೇಳಿದೆ. ಅವನ ಬೆರಳಿಗೆ ನಾನೇ ನೀರು ಹೊಯ್ದೆ. ಅವನು ಮಗಳ ಮುಖ ನೋಡಿದ, ಬೆರಳೆತ್ತಿದ, ಬಿಸಿಲು ಹುಟ್ಟುವ ಕಡೆ ನೆಟ್ಟಗೆ ಹೋಗು ಅಂದ.

ಕೇಳಿದೆ, ನೀರು ಹೊಯ್ದೆ, ಬೆರಳು ಎದ್ದಿತು, ಹೊರಟೆ. ಎರಡನೆಯ ಊರು. ಕೇಳಿದೆ, ನೀರು ಹೊಯ್ದೆ, ಬೆರಳು ಎದ್ದಿತು, ಹೊರಟೆ. ಮೂರನೆಯ ಊರು. ಬಾಟಲಿಯಲ್ಲಿ ಮಾರುವ ಪೆಟ್ರೋಲ್ ಹಾಕಿಸಿಕೊಂಡು, ಕಲ್ಲುದಾರಿಯಲ್ಲಿ ಪಂಕ್ಚರ್ ಆದ ಚಕ್ರಕ್ಕೆ ತೇಪೆ ಹಾಕಿಸಿಕೊಂಡು, ಸಿಕ್ಕ ಕಡೆ ಚಿತ್ರಾನ್ನ ತಿಂದು, ಮಗುವಿನ ಬಾಯಿಗೆ ನೀರು ಬಿಟ್ಟು ಹೋಗುತ್ತಲೇ ಇದ್ದೆ. ನಾಲ್ಕನೆಯ ಊರು ದಾಟಿದ ಮೇಲೆ, ಮೂರನೆಯ ದಿನದ ಮಧ್ಯಾಹ್ನ, ಬೆನ್ನ ಮೇಲಿನ ಬಿಸಿ ಆರಿತು. ಜ್ವರ ಇಳಿಯಿತು ಅಂದುಕೊಂಡೆ. ನನಗೆ ಖುಷಿಯಾಯಿತು. ಐದನೆಯ ಊರಿನಲ್ಲಿ ನಗುನಗುತ್ತಲೇ ದಾರಿ ಕೇಳಿದೆ. ಅಲ್ಲಿ ಕಲ್ಲಿಗೆ ಒರಗಿ ಕೂತಿದ್ದವಳು ಒಬ್ಬ ಮುದುಕಿ. ನನ್ನ ಬೆನ್ನ ಕಡೆ ನೋಡಿ ಬೆರಳೆತ್ತಿದಳು. ನಿಂತವರೆಲ್ಲ ಶುಭವಾಗಲಿ ಅಂದರು.

ಆ ದಾರಿ ಒಂದು ಕೆರೆಯ ಏರಿಗೆ ಹೋಯಿತು. ಮಗುವಿಗೆ ನೀರು ಕುಡಿಸೋಣ ಅಂತ ಅಲ್ಲಿ ಸೀರೆಯ ಗಂಟು ಬಿಚ್ಚಿದೆ. ದೇವೀರಿಯನ್ನು ಆ ಏರಿಯ ಬುಡದಲ್ಲೇ ಮಣ್ಣು ಮಾಡಿದೆ. ಏರಿಯ ಮೇಲೆ ಮುಂದೆ ಹೋದರೆ ಆ ದಾರಿ ತಿರುಗಿ ನಮ್ಮೂರಿಗೇ ಬಂದು ಸೇರಿತು.

ಊರು ನನ್ನನ್ನು ಬೈಯಲಿಲ್ಲ. ಕನಿಕರ ಪಟ್ಟಿತು. ಬಾವಿಕಟ್ಟೆಯಲ್ಲಿ, ಗಿರಣಿಯ ಮುಂದೆ, ಎಲ್ಲ ಕಡೆ ಒಂದೇ ಮಾತು. ಐದು ಬೆರಳು ತೋರಿಸಿದರೂ ದಾರಿ ತಪ್ಪಿದಳಲ್ಲ, ಪಾಪ. ಅತ್ತೆ ಅದನ್ನೇ ಅಂದಳು. ಗಂಡನೂ ಅಂದ, ಎಣ್ಣೆ ಹಚ್ಚಿಸಿಕೊಳ್ಳುತ್ತಾ ಅಂದ. ದಿನಾ ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತು. ಎಲ್ಲೋ ಒಂದು ತಿರುವಿನಲ್ಲಿ ನಾನೇ ತಪ್ಪಿದೆ, ನನ್ನ ಮಗಳನ್ನು ನಾನೇ ಕೊಂದೆ. ಒಂದು ವರ್ಷ ಈ ಮಾತನ್ನು ನುಂಗಿಕೊಂಡು ಬದುಕಿದೆ. ವರ್ಷ ತುಂಬಿದ ಬೆಳಿಗ್ಗೆ ನೀಲಿ ಸೀರೆಯನ್ನು ಬರಿ ಬೆನ್ನಿಗೆ ಹಾಗೇ ಸುತ್ತಿ, ಹಾಗೇ ಗಂಟು ಹಾಕಿ, ಮೊಪೆಡ್ ಹತ್ತಿದೆ.

ಐದರಲ್ಲಿ ಒಂದು ಬೆರಳಾದರೂ ನನಗೆ ಗೊತ್ತಿರಲಿಲ್ಲ ಅನ್ನಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು. ಒಬ್ಬರು ಅಂದರೆ ಸಾಕು, ನಾನು ಮಗುವನ್ನು ಕೊಂದವಳಲ್ಲ. ಊರ ಬಾಗಿಲಲ್ಲಿ ಗಂಡ ಎಲ್ಲಿಗೆ ಅಂತಲೂ ಕೇಳಲಿಲ್ಲ, ಅಭ್ಯಾಸಬಲದಿಂದ ಬೆರಳೆತ್ತಿದ. ನಾನು ನೀರು ಹೊಯ್ಯಲಿಲ್ಲ.

ಒಬ್ಬಳೇ ಹೋಗುವಾಗ ಕಣ್ಣಿಗೆ ಬೇರೆಯದೇ ಕಾಣುತ್ತದೆ. ಮಗು ಹೊತ್ತಾಗ ಬೆರಳು ತೋರಿಸಿದ ದಿಕ್ಕು ಬಿಟ್ಟು ಅಕ್ಕಪಕ್ಕ ನೋಡಿರಲಿಲ್ಲ. ಈ ಸಲ ನೋಡಿದೆ. ಎಡಗಡೆ ದೂರದಲ್ಲಿ, ಮುಳ್ಳುಪೊದೆಗಳ ಆಚೆ ಒಂದು ಬೋಳುದಿಣ್ಣೆ, ದಿಣ್ಣೆಯ ಮೇಲೊಂದು ಸಣ್ಣ ಹೊಗೆ. ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದವನನ್ನು ಅದೇನು ಅಂತ ಕೇಳಿದೆ. ದೇವರು ಮುನಿಸಿಕೊಂಡು ಹೋದ ಜಾಗ ಅದು, ಅವನ ಸಿಟ್ಟು ಇನ್ನೂ ಹೊಗೆಯಾಡುತ್ತಿದೆ ಅಂದ. ದೇವರ ಸಿಟ್ಟಿಗಿಂತ ನನ್ನದೇ ದೊಡ್ಡದಿತ್ತು, ಗಾಡಿ ಓಡಿಸಿದೆ.

ಎರಡನೆಯ ಊರಿನ ತೋರುಗಾರನಿಗೆ ಕಲ್ಲಿನ ಪಕ್ಕದಲ್ಲೇ ಟೀ ಅಂಗಡಿ. ಬಲಗೈ ತೋರಿಸುತ್ತದೆ, ಎಡಗೈ ಟೀ ಎರೆಯುತ್ತದೆ. ಹೋದ ವರ್ಷ ಹೀಗೆ ಬಂದಿದ್ದೆ, ನಿನಗೆ ನಿಜವಾಗಿ ದಾರಿ ಗೊತ್ತಿತ್ತಾ ಅಂತ ಕೇಳಿದೆ. ಅವನಿಗೆ ಬೇಜಾರಾಗಲಿಲ್ಲ. ನಗುತ್ತಲೇ ಇದ್ದ.

"ನಾ ತೋರ್ಸಿದ್ದು ಸರಿಯಾಗೇ ಇತ್ತು ಕಣವ್ವ. ಹುಣಸೇಮರದ ತಾವ ನೀನೇ ತಪ್ಪು ತಿರುಕ್ಕೊಂಡಿರ್ಬೇಕು" ಅಂದ.

ಹುಣಸೇಮರ ನೋಡಲು ಹೋದೆ. ಮೂರನೆಯ ಊರಿನ ಗಡಿಯವರೆಗೂ ಹೋದೆ. ಬೇವಿತ್ತು, ಜಾಲಿ ಇತ್ತು, ಒಂದು ಒಣಗಿದ ಅತ್ತಿ ಇತ್ತು. ಹುಣಸೆ ಇರಲಿಲ್ಲ, ಅದರ ಬುಡವೂ ಇರಲಿಲ್ಲ. ಅಷ್ಟು ದೂರ ವಾಪಸ್ಸು ಬಂದು ಹೇಳಿದೆ. ಯಾರೋ ಕಡಿದುಹಾಕಿರಬೇಕು ಬಿಡು ಅಂದು ಅವನು ನನ್ನ ಮುಂದೆ ಇನ್ನೊಂದು ಲೋಟ ಟೀ ಇಟ್ಟ. ಮುಟ್ಟದೆ ಎದ್ದು ಬಂದೆ.

ಮೂರನೆಯ ಊರಿನ ತೋರುಗಾರ ಸತ್ತಿದ್ದ. ಹೊಸಬನನ್ನು ಕೂರಿಸಲು ಮುಹೂರ್ತ ಸಿಕ್ಕಿರಲಿಲ್ಲವಂತೆ. ಅಲ್ಲಿಯತನಕ ಅವನ ಬೆಳ್ಳಿ ಉಂಗುರವನ್ನು ಒಂದು ಕೋಲಿಗೆ ತೊಡಿಸಿ ಕಲ್ಲಿನ ಮುಂದೆ ಹಗ್ಗದಲ್ಲಿ ತೂಗುಬಿಟ್ಟಿದ್ದರು. ಗಾಳಿ ಬಂದ ಹಾಗೆ ಕೋಲು ತಿರುಗುತ್ತಿತ್ತು. ನನ್ನ ಕಣ್ಣೆದುರೇ ಒಬ್ಬ ಮದುವೆ ಓಲೆ ಹಂಚುವವನು ಬಂದು ದಾರಿ ಕೇಳಿದ, ಕೋಲಿಗೆ ಭಕ್ತಿಯಿಂದ ನೀರು ಹೊಯ್ದ, ಗಾಳಿ ನಿಲ್ಲುವುದನ್ನು ಕಾದ, ಕೋಲು ತೋರಿಸಿದ ಕಡೆ ಹೊರಟುಹೋದ. ಗಾಳಿಗೆ ತಿರುಗುವ ಕೋಲಿಗೂ ಇವರಿಗೂ ಇಷ್ಟು ದಿನ ಏನು ವ್ಯತ್ಯಾಸವಿತ್ತು ಅಂತ ನನಗೆ ನಗು ಬಂತು. ಸತ್ತವನ ಹೆಂಡತಿಯನ್ನು ಹುಡುಕಿ ಕೇಳಿದೆ. ಸತ್ತವರ ಬೆರಳನ್ನು ಅನುಮಾನಿಸಬಾರದು ಅಂದಳು. ಬದುಕಿರುವವರದ್ದನ್ನು ಅನುಮಾನಿಸಬಹುದಾ ಅಂದೆ. ಅದನ್ನೂ ಮಾಡಬಾರದು ಅಂದಳು, ನನಗೆ ಬಾಳೆಹಣ್ಣು ಕೊಟ್ಟು ಕಳಿಸಿದಳು.

ರಸ್ತೆ ಸುತ್ತಿ ಬಳಸಿ ಬಾಗುತ್ತಾ ಹೋಯಿತು. ಹೊಗೆ ನನ್ನ ಎಡಗಡೆಯೇ ಇತ್ತು.

ನಾಲ್ಕನೆಯ ಊರಿನವನು ಓದಿದವನು, ಮೇಷ್ಟ್ರು. ಅವನ ಕಲ್ಲಿನ ಮೇಲೆ ಚಪ್ಪರ, ಚಪ್ಪರದ ಕೆಳಗೆ ಅವನೇ ಬರೆದ ನಕ್ಷೆ. ಎಷ್ಟು ಚಂದದ ನಕ್ಷೆ ಅಂದರೆ ರಸ್ತೆಗೆ ಕೆಂಪು, ಕೆರೆಗೆ ನೀಲಿ, ತೋಪಿಗೆ ಹಸಿರು. ಐದೂ ಊರು ಬಳೆಯ ಹಾಗೆ ದುಂಡಗೆ ಕೂತಿದ್ದವು. ನಡುವೆ ಏನೂ ಇರಲಿಲ್ಲ, ಅಲ್ಲಿ ಅವನು ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದುಕೊಂಡಿದ್ದ. ಮದ್ದಿನ ಮನೆ ಎಲ್ಲಿ ಅಂದೆ. ತೋರಿಸಿದ. ಬಳೆಯಾಚೆ ಐದು ಕಡೆ ಐದು ಮದ್ದಿನ ಮನೆ ಬರೆದಿದ್ದ.

ಐದು ಯಾಕೆ ಅಂತ ಕೇಳಿದೆ. ಯಾವ ಊರಿನಿಂದ ಯಾರು ಬಂದು ಕೇಳಿದರೂ ನಿರಾಸೆಯಾಗಬಾರದಲ್ಲ ತಾಯಿ ಅಂದ. ಅವನ ಮುಖದಲ್ಲಿ ಕಪಟ ಇರಲಿಲ್ಲ. ಒಳ್ಳೆಯವನು. ನನ್ನ ಮಗಳು ನಾಲ್ಕನೆಯ ಊರು ದಾಟುವಾಗ ಬದುಕಿದ್ದಳು, ಈ ಒಳ್ಳೆಯವನು ಆವತ್ತು ಗೊತ್ತಿಲ್ಲ ಅಂದಿದ್ದರೆ ನಾನು ಬೇರೆ ಏನಾದರೂ ಮಾಡುತ್ತಿದ್ದೆ. ಎಡಗಡೆ ತಿರುಗುತ್ತಿದ್ದೆ, ಹಿಂದೆ ತಿರುಗುತ್ತಿದ್ದೆ, ಹೊಗೆ ನೋಡುತ್ತಿದ್ದೆ. ಕೈಗೆ ಸಿಕ್ಕ ದಿಂಡುಗಲ್ಲು ಎತ್ತಿಕೊಂಡೆ. ಅವರ ಕೈಕಲ್ಲಿನ ಬೆರಳಿಗೆ ಬಡಿದೆ. ಎರಡನೆಯ ಏಟಿಗೆ ಬೆರಳು ಮುರಿದು ನನ್ನ ಕಾಲ ಹತ್ತಿರ ಬಿತ್ತು.

ಜನ ಬಂದರು. ಹೊಡೆಯುತ್ತಾರೆ ಅಂತ ನಿಂತೆ, ಹೊಡೆಯಲಿ ಅಂತಲೇ ನಿಂತೆ. ಅವರು ಹೊಡೆಯಲಿಲ್ಲ. ಮಗು ಕಳಕೊಂಡವಳು, ಪಾಪ, ಅಂದರು. ನೆರಳಲ್ಲಿ ಚಾಪೆ ಹಾಕಿ ಕೂರಿಸಿದರು, ಒಗ್ಗರಣೆ ಹಾಕಿದ ಮಜ್ಜಿಗೆ ಕೊಟ್ಟರು. ನಾನು ಕುಡಿಯುತ್ತಿದ್ದಾಗಲೇ ಕಲ್ಲುಕುಟಿಗ ಬಂದು ಹೊಸ ಬೆರಳಿಗೆ ಅಳತೆ ತೆಗೆಯುತ್ತಿದ್ದ. ಮೇಷ್ಟ್ರು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮುಂದಿನ ಊರಿಗೆ ದಾರಿ ಗೊತ್ತೇನವ್ವ ಅಂತ ಮೆಲ್ಲಗೆ ಕೇಳಿ ಬೆರಳೆತ್ತಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಳ್ಳೆಯತನಕ್ಕೆ ನನಗೆ ಬಂದ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಮೊಪೆಡ್ ಹತ್ತಿ ಬಾಯಿಗೆ ಬಂದದ್ದೆಲ್ಲ ಬೈಯುತ್ತಾ, ಅಳುತ್ತಾ ಹೋದೆ. ಎದುರಿಗೆ ಬಂದವರು ದಾರಿ ತಪ್ಪಿದಳೇನೋ ಅಂತ ಬೆರಳೆತ್ತುತ್ತಿದ್ದರು.

ಈ ಸಲವೂ ಐದನೆಯ ಊರು ತಲುಪಿದಾಗ ಮೂರನೆಯ ದಿನದ ಮಧ್ಯಾಹ್ನ ಇಳಿದಿತ್ತು. ಅದೇ ಕಲ್ಲು, ಅದೇ ಮುದುಕಿ. ಊರವರು ಊಟ ಮಾಡಿ ಮಲಗಿದ್ದ ಹೊತ್ತು. ಅವಳ ಕಣ್ಣು ಮಂಜಾಗಿತ್ತು, ನೀಲಿ ಸೀರೆಯನ್ನು ಮಾತ್ರ ಗುರುತು ಹಿಡಿದಳು. ಪಕ್ಕದಲ್ಲಿ ಕೂರು ಅಂತ ಸನ್ನೆ ಮಾಡಿದಳು. ನಾನು ನಿಂತೇ ಕೇಳಿದೆ. ಅವಳು ಎಡಕ್ಕೆ ಬಲಕ್ಕೆ ನೋಡಿ, ಯಾರೂ ಇಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡು ಬಾಯಿಬಿಟ್ಟಳು.

"ನಂಗೊತ್ತಿರ್ನಿಲ್ಲ ಕಣವ್ವ. ಐವತ್ತು ವರ್ಸದಿಂದ ತೋರಿಸ್ತಾ ಇವ್ನಿ, ಒಂದಿನಾನೂ ಗೊತ್ತಿರ್ನಿಲ್ಲ."

ಅವಳ ಪಕ್ಕ ಕೂತೆ. ಮಗು ಹೋಗಿದ್ದಾದರೂ ಗೊತ್ತಿತ್ತಾ ಅಂದೆ.

"ಅದ್ ಗೊತ್ತಿತ್ತು. ಕಣ್ಣು ಮಂಜಾದ್ರೂ ಅದ್ ಕಾಣ್ತದೆ. ನೀನು ನಗ್ತಾ ಇದ್ದೆ. ಇನ್ನೊಂದ್ ಗಳಿಗೆ ನಗ್ಲಿ ಅಂತ ಬೆರಳೆತ್ತಿದೆ."

ಅವಳ ಕಾಲಿಗೆ ಬೀಳಲೋ, ಕೆನ್ನೆಗೆ ಬಾರಿಸಲೋ ತಿಳಿಯಲಿಲ್ಲ. ಎರಡೂ ಮಾಡಬೇಕು ಅನ್ನಿಸಿತು. ಇದೇ ಮಾತನ್ನು ಎಲ್ಲರ ಮುಂದೆ ಹೇಳು ಅಜ್ಜಿ, ನಮ್ಮೂರಿಗೆ ಬಂದು ಹೇಳು, ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತೇನೆ ಅಂತ ಬೇಡಿಕೊಂಡೆ. ಅವಳು ತಲೆಯಾಡಿಸಿದಳು. ಹಾಗಂದರೆ ತನ್ನ ಕೈಯ ನೀರು ಯಾರೂ ಮುಟ್ಟುವುದಿಲ್ಲ, ಸಾಯುವ ಕಾಲ ಬಂದಿದೆ, ಮಣ್ಣು ಹಾಕುವವರು ಬೇಡವಾ ಅಂದಳು. ನನ್ನ ಮಗಳಿಗೆ ನಾನೊಬ್ಬಳೇ ಮಣ್ಣು ಹಾಕಿದೆ ಅಂದೆ. 

ಆಗ ಒಂದು ಲಗೇಜ್ ಆಟೊ ಧೂಳೆಬ್ಬಿಸಿಕೊಂಡು ಬಂತು. ಸದ್ದಿಗೆ ಊರವರು ಎದ್ದು ಬಂದರು. ಓಡಿಸುತ್ತಿದ್ದವನು ಗಂಡ, ಹಿಂದೆ ಗೋಣಿಚೀಲಗಳ ಮೇಲೆ ಅವನ ಹೆಂಡತಿ, ಅವಳ ಮಡಿಲಲ್ಲಿ ಕೆಂಡದ ಹಾಗೆ ಸುಡುತ್ತಿದ್ದ ಒಂದು ಹೆಣ್ಣುಮಗು. ಮೂರನೆಯ ದಿನ ಅಂತ ಅವನು ಹೇಳಿದ. ಮದ್ದಿನ ಮನೆಗೆ ದಾರಿ ಕೇಳಿದ. ಚೊಂಬು ಎತ್ತಿ ಮುದುಕಿಯ ಬೆರಳಿಗೆ ನೀರು ಹೊಯ್ದ.

ನಾನು ಮುದುಕಿಯ ಮುಖವನ್ನೇ ನೋಡುತ್ತಿದ್ದೆ. ಅವಳೂ ನಾನಿರುವ ಕಡೆ ಮುಖ ಮಾಡಿದಳು.  ತುಟಿ ತೆರೆಯಿತು. ಈಗ ಅನ್ನುತ್ತಾಳೆ ಅಂದುಕೊಂಡೆ. ಬೆರಳು ಎದ್ದಿತು, ಕೆರೆಯ ಕಡೆ ಚಾಚಿತು. ಶುಭವಾಗಲಿ ಅಂದರು.

ಆಟೊದ ಮುಂದೆ ಹೋಗಿ ಅಡ್ಡ ನಿಂತೆ.

"ಅಜ್ಜಿಗೆ ಗೊತ್ತಿಲ್ಲ" ಅಂದೆ. "ಇವ್ರ್ ಯಾರ್ಗೂ ಗೊತ್ತಿಲ್ಲ. ನಂಗೂ ಗೊತ್ತಿಲ್ಲ."

ಹೆಂಗಸರು ಕಿವಿ ಮುಚ್ಚಿಕೊಂಡರು. ಒಬ್ಬ ನೆಲಕ್ಕೆ ಉಗಿದ. ಒಬ್ಬ ಕಲ್ಲಿನ ಬುಡದಿಂದ ಕರಿ ಬಟ್ಟೆ ತಂದ. ಓಡಿಹೋಗುತ್ತಾಳೆ ಅಂತ ಇಬ್ಬರು ನನ್ನ ತೋಳು ಹಿಡಿಯಲು ಬಂದರು, ನಾನೇ ಕೈ ಚಾಚಿ ಕಟ್ಟಿಸಿಕೊಂಡೆ. ಆಟೊದವನ ಕಣ್ಣು ಕೆಂಪಾಗಿತ್ತು. ಇಳಿದು ನನ್ನ ಎದುರು ಬಂದು ನಿಂತ.

"ಗೊತ್ತಿಲ್ದಿದ್ಮೇಲೆ ಅಡ್ಡ ಯಾಕ್ ನಿಂತಿದ್ದೀಯೆ? ಅವ್ರಾದ್ರೂ ಒಂದ್ ದಿಕ್ಕು ತೋರ್ಸಿದ್ರು."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೋದ ವರ್ಷ ನನಗೆ ಯಾರಾದರೂ ಹೀಗೆ ಅಡ್ಡ ನಿಂತಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ, ಮೊಪೆಡ್ ಅವಳ ಮೇಲೆ ಹತ್ತಿಸಿಕೊಂಡು ಹೋಗುತ್ತಿದ್ದೆ. ಬೆರಳು ಇಲ್ಲದ ಜಾಗದಲ್ಲಿ ಮಗು ಹೊತ್ತು ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವನು ನನ್ನನ್ನು ಪಕ್ಕಕ್ಕೆ ನೂಕಿದ. ಗೋಣಿಚೀಲದ ಮೇಲಿಂದ ಅವನ ಹೆಂಡತಿ ಅಷ್ಟರಲ್ಲಿ ಕೆಳಗಿಳಿದಳು. ಅವಳು ಕೇಳಿದಂಥ ಮಾತನ್ನು ನಮ್ಮ ಸೀಮೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

"ಅಕ್ಕ, ಯಾವ್ಯಾವ್ ದಾರಿ ಅಲ್ಲ? ಅಷ್ಟ್ ಹೇಳು."

ಹೇಳಿದೆ. ಈ ದಾರಿ ಕೆರೆ ಏರಿಗೆ ಹೋಗುತ್ತದೆ, ಅಲ್ಲಿ ನನ್ನ ಮಗಳಿದ್ದಾಳೆ, ಮದ್ದಿಲ್ಲ. ಏರಿ ದಾಟಿದರೆ ನಮ್ಮೂರು, ಅಲ್ಲಿ ನನ್ನ ಗಂಡನಿದ್ದಾನೆ, ಮದ್ದಿಲ್ಲ. ಅಲ್ಲಿಂದ ಬಿಸಿಲು ಹುಟ್ಟುವ ಕಡೆ ಹೋದರೆ ಟೀ ಅಂಗಡಿ. ಆಮೇಲೆ ಗಾಳಿಯ ಕೋಲು. ಆಮೇಲೆ ನಕ್ಷೆ. ಆಮೇಲೆ ಇದೇ ಊರು. ಒಂದೊಂದನ್ನೂ ಕರಿ ಬಟ್ಟೆ ಕಟ್ಟಿದ ಬೆರಳಿನಿಂದ ಅಳಿಸುತ್ತಾ ನಿಂತಲ್ಲೇ ತಿರುಗಿದೆ. ಹಾಗೆ ತಿರುಗಿ ಮುಗಿಸಿದಾಗ ನನ್ನ ಮುಂದೆ ಉಳಿದದ್ದು ಮುದುಕಿ, ಮುದುಕಿಯ ಹಿಂದೆ ಕಲ್ಲು, ಕಲ್ಲಿನ ಹಿಂದೆ ಮುಳ್ಳುಪೊದೆ, ಪೊದೆಯ ಆಚೆ ದಿಣ್ಣೆ, ದಿಣ್ಣೆಯ ಮೇಲೆ ಹೊಗೆ. ಎರಡು ಸಲ ಸೀಮೆಯನ್ನೆಲ್ಲ ಸುತ್ತಿದಾಗಲೂ ನನ್ನ ಎಡಗಡೆಯೇ ಇದ್ದ ಹೊಗೆ. ಯಾವ ತೋರುಗಾರನೂ ಅತ್ತ ತೋರಿಸಿರಲಿಲ್ಲ. ಕಲ್ಲಿಗೆ ಒರಗಿ ಕೂತವನು ಬೆನ್ನ ಹಿಂದಕ್ಕೆ ಹೇಗೆ ತೋರಿಸುತ್ತಾನೆ.

ಅಲ್ಲಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಅದೊಂದು ಕಡೆ ನಾನು ನೋಡಿಲ್ಲ ಅಂತ ಅವಳಿಗೆ ಹೇಳಿದೆ. ಬೆನ್ನಿನ ಸೀರೆ ಬಿಚ್ಚಿದೆ.  ಅವಳ ಮಗುವನ್ನು ಅವಳ ಬೆನ್ನಿಗೆ ಬಿಗಿದು ಕಟ್ಟಿದೆ. ಇಬ್ಬರೂ ಕಲ್ಲು ದಾಟಿ ನಡೆದೆವು. ಮೈಲಿಗೆ ಮೈಲಿಗೆ ಅಂತ ಊರು ಕೂಗಿತು. ಆಟೊದವನು ಸ್ವಲ್ಪ ಹೊತ್ತು ಮುದುಕಿಯ ಬೆರಳನ್ನೂ ನಮ್ಮ ಬೆನ್ನನ್ನೂ ನೋಡುತ್ತಾ ನಿಂತಿದ್ದ, ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದ.

ಎಲೆ ಅಡಿಕೆ ಬಾಯಿಗೆ ಹಾಕಿದರೆ ಅಗಿದು ಉಗಿಯುವಷ್ಟು ಹೊತ್ತು. ಅಷ್ಟೇ ದೂರ.

ತಗ್ಗು ಸೂರಿನ ಒಂದು ಮನೆ, ಅಂಗಳದಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಗಡಿಗೆ. ಮದ್ದಿನವಳು ಸೌಟಿನಿಂದ ಕಷಾಯ ತಿರುವುತ್ತಾ ಕೂತಿದ್ದಳು. ನಮ್ಮನ್ನು ನೋಡಿ ಗಾಬರಿಯಾಗಲಿಲ್ಲ. ಮಗುವನ್ನು ಇಳಿಸಿಕೊಂಡಳು, ಬಾಯಿ ಬಿಡಿಸಿ ಮೂರು ಒಳಲೆ ಕುಡಿಸಿದಳು. ಸೂರ್ಯ ಇನ್ನೂ ಎರಡಾಳು ಎತ್ತರದಲ್ಲಿದ್ದ. ಸ್ವಲ್ಪ ಹೊತ್ತಿಗೆ ಮಗುವಿನ ಹಣೆಯಲ್ಲಿ ಬೆವರು ಕಂಡಿತು, ಅದು ಅವ್ವಾ ಅಂತು. ಆಟೊದವನು ಅಂಗಳದಲ್ಲೇ ಕುಸಿದು ಕೂತ. ಹೆಂಡತಿ ಮಗುವಿನ ಕಾಲು ಹಿಡಿದುಕೊಂಡು ಅತ್ತಳು. ನನಗೆ ಸಂತೋಷವಾಯಿತು. ಆ ಸಂತೋಷದ ಬೆನ್ನಿಗೇ ಸಿಟ್ಟು ಬಂತು.

ಎಷ್ಟು ದಿನದಿಂದ ಇಲ್ಲಿದ್ದೀಯಾ ಅಂತ ಮದ್ದಿನವಳನ್ನು ಕೇಳಿದೆ. ಯಾವಾಗಲೂ ಇಲ್ಲೇ ಇದ್ದೇನೆ, ದಿನಾ ಬೆಳಿಗ್ಗೆ ಕುದಿಸುತ್ತೇನೆ, ಸಂಜೆ ಗಿಡದ ಬುಡಕ್ಕೆ ಸುರಿಯುತ್ತೇನೆ, ಯಾರೂ ಬರುವುದಿಲ್ಲ ಅಂದಳು. ನೀನೇ ಯಾಕೆ ಇಳಿದು ಬಂದು ಕೂಗಲಿಲ್ಲ ಅಂದೆ. ನನ್ನನ್ನು ಯಾರೂ ಕೇಳಲಿಲ್ಲವಲ್ಲ ಅಂದಳು. ಆಮೇಲೆ ಏನೋ ನೆನಪಾದವಳ ಹಾಗೆ ಸೌಟು ಕೆಳಗಿಟ್ಟಳು.

"ಹೋದ್ ವರ್ಸ ಒಂದ್ ಮೊಪೆಡ್ ಸದ್ದು ಮೂರ್ ದಿನ ಕೇಳುಸ್ತು ಕಣವ್ವ. ಸುತ್ತಾ ಸುತ್ತಾ. ಯಾರೋ ಗಾಡಿ ಕಲೀತಾವ್ರೆ ಅನ್ಕೊಂಡೆ."

ಅಂಗಳದ ಅಂಚಿಗೆ ಹೋಗಿ ನಿಂತೆ. ದಿಣ್ಣೆಯ ಮೇಲಿಂದ ಎಲ್ಲ ಕಾಣುತ್ತಿತ್ತು. ಐದು ಊರು, ಐದು ಕೈಕಲ್ಲಿನ ಬೆನ್ನು. ಮುದುಕಿಯ ನರೆತ ತುರುಬು. ಮೇಷ್ಟ್ರ ಚಪ್ಪರ, ಅಲ್ಲಿ ಹೊಸ ಬೆರಳು ಆಗಲೇ ಬಿಳಿಯಾಗಿ ಹೊಳೆಯುತ್ತಿತ್ತು. ಗಾಳಿಗೆ ತಿರುಗುತ್ತಿದ್ದ ಕೋಲು. ಟೀ ಅಂಗಡಿಯ ಹಿಂಭಾಗ. ಎಲ್ಲಕ್ಕಿಂತ ಹತ್ತಿರದಲ್ಲಿ ನಮ್ಮೂರು, ನಮ್ಮ ಮನೆಯ ಹೆಂಚು, ಹಿತ್ತಿಲಲ್ಲಿ ಒಣಹಾಕಿದ್ದ ಅತ್ತೆಯ ಸೀರೆ, ಕಲ್ಲಿಗೆ ಒರಗಿ ಕೂತ ನನ್ನ ಗಂಡನ ಬೆನ್ನು. ದೇವೀರಿ ಹುಟ್ಟಿದ ಆ ಮನೆಯಲ್ಲಿ ಹತ್ತು ವರ್ಷ ದಿನಾ ನಾನು ಈ ಹೊಗೆಯ ಕೆಳಗೇ ಅನ್ನ ಬೇಯಿಸಿದ್ದೇನೆ. ಬಾಗಿಲಿನ ಬದಲು ಹಿತ್ತಿಲಿನಿಂದ ಹೊರಟಿದ್ದರೆ ಅವಳನ್ನು ಎತ್ತಿಕೊಂಡೇ ಬರಬಹುದಿತ್ತು. ಮೊಪೆಡ್ ಬೇಕಿರಲಿಲ್ಲ. ಸೀರೆ ಬೇಕಿರಲಿಲ್ಲ.

ದೇವೀರೀ ಅಂತ ಕೂಗಿದೆ. ಎದೆಯಲ್ಲಿದ್ದ ಉಸಿರೆಲ್ಲ ಹಾಕಿ ಕೂಗಿದೆ. ಕೂಗು ಐದೂ ಊರಿಗೆ ಕೇಳಿಸಿತು. ಹೊಲದಲ್ಲಿದ್ದವರು ನಿಂತರು, ಬಾವಿಕಟ್ಟೆಯ ಹೆಂಗಸರು ಕೊಡ ಇಳಿಸಿದರು. ಜನ ತಮ್ಮ ತಮ್ಮ ಕಲ್ಲಿನ ಹತ್ತಿರ ಓಡುವುದು ಕಂಡಿತು. ಈ ಕೂಗು ಯಾವ ಕಡೆಯಿಂದ ಬಂತು ಅಂತ ಕೇಳಿರಬೇಕು. ಚೊಂಬುಗಳು ಮಿಂಚಿದವು, ನೀರು ಬಿತ್ತು. ನಾಲ್ಕು ಬೆರಳು ಎದ್ದವು, ಒಂದು ಕೋಲು ತಿರುಗಿತು. ಐದೂ ಆಚೆ ಕಡೆಗೆ ಚಾಚಿದವು. ಜನ ಆ ಕಡೆಗೇ ಓಡಿದರು.

ಆಟೊದವರು ಮಗು ಎತ್ತಿಕೊಂಡು ಐದನೆಯ ಊರಿಗೆ ಮರಳಿದರು, ನಾನು ಮೊಪೆಡ್ ಅಲ್ಲೇ ಬಿಟ್ಟು ನಮ್ಮೂರಿನ ಕಡೆ ದಿಣ್ಣೆ ಇಳಿದೆ. ಇಳಿಯುತ್ತಿದ್ದಾಗ ಆ ಊರಿನ ಕಡೆಯಿಂದ ತಮಟೆ ಕೇಳಿಸಿತು, ಸಾರುವವನ ದನಿಯೂ ಕೇಳಿಸಿತು. ನಮ್ಮ ತೋರುಗಾರ್ತಿ ತೋರಿಸಿದ ದಾರಿಯಲ್ಲಿ ಹೋಗಿ ಒಂದು ಮಗು ಉಳಿಯಿತು, ಅವಳ ಬೆರಳಿಗೆ ಊರೊಟ್ಟಿನಿಂದ ಚಿನ್ನದ ಉಂಗುರ ಮಾಡಿಸುತ್ತೇವೆ ಅಂತ ಸಾರುತ್ತಿದ್ದ. ಮುದುಕಿ ಬೇಡ ಅಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಡ ಅಂದಿರಲಾರಳು.

ಮುಳ್ಳು ಸೀಳಿಕೊಂಡು ನಮ್ಮೂರಿನ ಕಲ್ಲಿನ ಹಿಂದಕ್ಕೆ ಬಂದು ನಿಂತೆ. ಆ ಕಡೆಯಿಂದ ಯಾರೂ ಯಾವತ್ತೂ ಬಂದವರಲ್ಲ. ಗಂಡನ ಬೆನ್ನು ಮುಟ್ಟಿದೆ. ಹಾವು ಮುಟ್ಟಿದವನ ಹಾಗೆ ಹೌಹಾರಿ ಎದ್ದ. ಹೊತ್ತು ಮುಳುಗುತ್ತಿತ್ತು, ಊರಿನ ಅರ್ಧ ಜನ ಕೂಗು ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ವಾಪಸ್ಸು ಬರುತ್ತಿದ್ದರು. ಎಲ್ಲರೂ ನನ್ನ ಬೆರಳಿನ ಕರಿ ಬಟ್ಟೆ ನೋಡಿ ದೂರ ನಿಂತರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಚೊಂಬು ತೆಗೆದುಕೊಂಡು ಅವನ ಎದುರು ಹೋದೆ. ಒಂದು ವರ್ಷದ ಹಿಂದೆ ಕೇಳಿದ ಹಾಗೆಯೇ ಕೇಳಿದೆ.

"ದೇವೀರಿ ಅಪ್ಪ, ಮದ್ದಿನ ಮನೆ ಯಾವ ಕಡೆ?"

ನೀರು ಹೊಯ್ದೆ. ಅವನಿಗೆ ಬೇರೆ ಏನು ಗೊತ್ತು. ಬೆರಳು ಎದ್ದಿತು, ಬಿಸಿಲು ಹುಟ್ಟುವ ಕಡೆಗೆ.

ಅರ್ಧದಲ್ಲೇ ಹಿಡಿದೆ. ಹತ್ತು ವರ್ಷ ಎಣ್ಣೆ ನೀವಿದ ಬೆರಳು, ಅದರ ಗಿಣ್ಣು ಗಿಣ್ಣೂ ನನಗೆ ಗೊತ್ತು. ಅವನ ಬೆಳ್ಳಿ ಉಂಗುರದ ಮೇಲೆ ನನ್ನ ಬೆರಳಿನ ಕರಿ ಬಟ್ಟೆ ಕೂತಿತು. ಅವನು ಎಳೆದುಕೊಂಡ, ನಾನು ಬಿಡಲಿಲ್ಲ.

"ಗೊತ್ತಿಲ್ಲ ಅನ್ನು" ಅಂದೆ.

ಊರು ನೋಡುತ್ತಿದೆ. ಅವನ ಕಣ್ಣಲ್ಲಿ ನೀರು ತುಂಬಿದೆ. ಒಮ್ಮೆ ಜನರ ಕಡೆ ನೋಡುತ್ತಾನೆ, ಒಮ್ಮೆ ಕಲ್ಲಿನ ಕಡೆ, ಒಮ್ಮೆ ನೀಲಿ ಸೀರೆ ಇಲ್ಲದ ನನ್ನ ಹೆಗಲ ಕಡೆ. ಅವನು ಇನ್ನೂ ಅಂದಿಲ್ಲ. ನಾನು ಬೆರಳು ಬಿಟ್ಟಿಲ್ಲ.